ಶುಲ್ಕಕ್ಕೆ ತಕ್ಕ ಫಲವುಂಟೆ?

ಗೃಹಸ್ಥರಾದವರಿಗೆ ಆಯವ್ಯಯದ ಲೆಕ್ಕವು ನಿತ್ಯಕರ್ಮಗಳಲ್ಲಿ ಒಂದು. ಅಕ್ಕಿ, ಬೇಳೆ, ಹಾಲು, ಔಷಧ, ಮಕ್ಕಳ ಶಾಲೆಯ ಫೀಜು—ಇವುಗಳ ಲೆಕ್ಕವನ್ನು ಬರೆಯುವುದು ಕಷ್ಟವಲ್ಲ. ಕೊಟ್ಟ ಹಣವೆಷ್ಟು, ಬಂದ ಪದಾರ್ಥವೆಷ್ಟು ಎಂಬೆರಡೂ ಕಣ್ಣಿಗೆ ಕಾಣುತ್ತವೆ. ಆದರೆ ಕೊಡುವ ಹಣವು ಮಾತ್ರ ನಿಶ್ಚಯವಾಗಿದ್ದು, ಬರುವ ಫಲವು “ಬರಬಹುದು” ಎಂಬ ರೂಪದಲ್ಲಿಯೇ ನಿಂತಿರುವ ವೆಚ್ಚಗಳೂ ಕೆಲವುಂಟು. ಅಂಥವುಗಳಲ್ಲಿ ಬುದ್ಧಿವಂತರೂ ಎಡವುತ್ತಾರೆ. ಪ್ರವಾಸ ಮಾಡುವವರಿಗೆಂದು ಬ್ಯಾಂಕುಗಳು ವರ್ಷಕ್ಕೆ ಇಷ್ಟೆಂದು ಶುಲ್ಕವನ್ನು ಪಡೆದು ಕೊಡುವ ಮೇಲ್ದರ್ಜೆಯ ಕ್ರೆಡಿಟ್ ಕಾರ್ಡು ಈ ಜಾತಿಗೆ ಸೇರಿದ ವೆಚ್ಚ. ಅದನ್ನು ಇಟ್ಟುಕೊಳ್ಳಬೇಕೆ, ಬಿಡಬೇಕೆ ಎಂಬುದನ್ನು ನಿಶ್ಚಯಿಸುವ ಬಗೆಯನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯುವುದು ನಮ್ಮ ಉದ್ದೇಶ.

ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಕುಳಿತಿರುವ ನಿವೃತ್ತ ಉಪಾಧ್ಯಾಯರಿಗೆ ಈ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ನಮ್ಮೂರಿನ ಸಂತೆಯಲ್ಲಿ ಹಲಸಿನ ರಾಶಿಯ ಪಕ್ಕದಲ್ಲಿ ಕ್ಯೂಆರ್ ಕೋಡಿನ ಹಲಗೆಯನ್ನು ನಿಲ್ಲಿಸಿರುತ್ತಾರೆ. ಫೋನಿನಿಂದ ಹಣವನ್ನು ಕಳುಹಿಸಿ ಹಣ್ಣನ್ನು ಹೊತ್ತು ತರುತ್ತೇವೆ. ಇಲ್ಲಿ ಮೇಲ್ದರ್ಜೆಯ ಕಾರ್ಡಿಗೆ ಕೆಲಸವಿಲ್ಲ. ಆದರೆ ಈಗ ನಮ್ಮ ಸೀಮೆಯಲ್ಲಿ ಬೆಂಗಳೂರಿನಲ್ಲೊಂದು ಮಗು, ಪರದೇಶದಲ್ಲೊಂದು ಮಗು ಇಲ್ಲದ ಮನೆಗಳು ಕಡಮೆ. ಮಕ್ಕಳ ಮನೆಯ ಲೆಕ್ಕವು ಒಂದಲ್ಲ ಒಂದು ದಿನ ಹಿರಿಯರ ಜಗಲಿಗೆ ಬಂದೇ ಬರುತ್ತದೆ.

ನಮ್ಮಲ್ಲಿಗೂ ಹಾಗೆಯೇ ಬಂದಿತು. ನಮ್ಮ ಚಿರಂಜೀವಿಯು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ, ಸೊಸೆಯೂ ಉದ್ಯೋಗಸ್ಥೆ. ಸೊಸೆಗೆ ಬಹುದಿನದಿಂದ ಅಧ್ಯಾಪಕಿಯಾಗಬೇಕೆಂಬ ಇಚ್ಛೆಯಿದ್ದು, ಈ ವರ್ಷ ಕೆಲಸವನ್ನು ಬಿಟ್ಟು ಎರಡು ವರ್ಷದ ಬಿ.ಇಡಿ. ವ್ಯಾಸಂಗಕ್ಕೆ ಸೇರಬೇಕೆಂದಿದ್ದಾಳೆ. ಎಂದರೆ ಎರಡು ಸಂಬಳದ ಮನೆಯು ಒಂದು ಸಂಬಳದ ಮನೆಯಾಗತಕ್ಕದ್ದಿದೆ. ಇತ್ತ ನಮ್ಮ ಮಗಳು ಜರ್ಮನಿಯಲ್ಲಿ ತುಂಬಿದ ಬಸುರಿ. ಆಶ್ವಯುಜದಲ್ಲಿ ನಮ್ಮ ಮನೆಯಾಕೆಯು ಬಾಣಂತನಕ್ಕೆಂದು ಅಲ್ಲಿಗೆ ಹೋಗಬೇಕಾಗಿದೆ. ಹೀಗಿರುವಾಗ ಮಗನ ಕಾರ್ಡಿನ ವಾರ್ಷಿಕ ಶುಲ್ಕದ ಸೂಚನೆಯು ಬಂದಿತು: ಶುಲ್ಕ 10,000 ರೂಪಾಯಿ, ಅದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 1,800, ಒಟ್ಟು 11,800. ಆದರೆ ವರ್ಷದಲ್ಲಿ ಕಾರ್ಡಿನ ಮೂಲಕ 8 ಲಕ್ಷ ರೂಪಾಯಿ ವೆಚ್ಚ ಮಾಡಿದ್ದರೆ ಶುಲ್ಕವು ಮಾಫಿ. ಮಗನು ಅದುವರೆಗೆ 7,38,000 ವೆಚ್ಚ ಮಾಡಿದ್ದನು. ಉಳಿದ 62,000ಕ್ಕೆ ಒಂದು ದೊಡ್ಡ ಟೆಲಿವಿಷನ್ನನ್ನು ಕೊಂಡರೆ ಶುಲ್ಕವು ತಪ್ಪುವುದೆಂದು ಅವನ ವಾದ. ಇರುವ ಟೆಲಿವಿಷನ್ನು ಚೆನ್ನಾಗಿಯೇ ಇದೆಯೆಂದು ಸೊಸೆಯ ವಾದ. “ಕಾರ್ಡು ಇದ್ದರೆ ಅಮ್ಮನ ಪ್ರಯಾಣಕ್ಕೆ ಅನುಕೂಲವಾಗುತ್ತದೆ ಅಪ್ಪ” ಎಂದು ಅವನೂ, “ಅತ್ತೆಯ ಹೆಸರಿನಲ್ಲಿ ಟಿ.ವಿ. ತರುವುದು ಬೇಡ ಮಾವ, ನೀವೇ ಲೆಕ್ಕ ನೋಡಿ ಹೇಳಿ” ಎಂದು ಇವಳೂ ಹೇಳಿ ಮಧ್ಯಸ್ಥಿಕೆಯನ್ನು ನಮಗೆ ಒಪ್ಪಿಸಿದರು.

ಮೊದಲು ಈ ವಸ್ತುವಿನ ಪೂರ್ವೋತ್ತರವನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಕ್ರೆಡಿಟ್ ಕಾರ್ಡೆಂಬ ಮಾತು 1888ರಲ್ಲಿ ಪ್ರಕಟವಾದ ಎಡ್ವರ್ಡ್ ಬೆಲ್ಲಾಮಿ ಎಂಬ ಅಮೆರಿಕನ್ ಲೇಖಕನ ಕಾದಂಬರಿಯೊಂದರಲ್ಲಿಯೇ ಬಂದಿದೆ. ಊಟದ ಮನೆಗಳಲ್ಲಿ ಕೈಹಣವಿಲ್ಲದೆ ಉಂಡು ತಿಂಗಳ ಕೊನೆಯಲ್ಲಿ ಸಲ್ಲಿಸುವ ಏರ್ಪಾಡಾಗಿ ಡೈನರ್ಸ್ ಕ್ಲಬ್ಬಿನ ಕಾರ್ಡು ನ್ಯೂಯಾರ್ಕಿನಲ್ಲಿ 1950ರಲ್ಲಿ ಹೊರಟಿತು. ನಮ್ಮ ದೇಶದ ಬ್ಯಾಂಕುಗಳಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ 1980ರಲ್ಲಿ ಇದನ್ನು ಆರಂಭಿಸಿತು. ಮೊದಲಿಗೆ ಇದು ಸಾಲದ ಚೀಟಿಯಷ್ಟೆ. ತರುವಾಯ ಹೆಚ್ಚು ವೆಚ್ಚ ಮಾಡುವವರನ್ನು ಒಲಿಸಿಕೊಳ್ಳುವುದಕ್ಕಾಗಿ ಪಾಯಿಂಟುಗಳು, ವಿಮಾನ ನಿಲ್ದಾಣದ ಲೌಂಜಿಗೆ ಪ್ರವೇಶ, ಹೋಟೆಲುಗಳ ಸದಸ್ಯತ್ವ, ವಿಮೆ ಮುಂತಾದ ಆಭರಣಗಳನ್ನು ಒಂದೊಂದಾಗಿ ತೊಡಿಸಿದರು. ಈ ಆಭರಣಗಳ ಬೆಲೆಯು ಎಲ್ಲಿಂದ ಬರುತ್ತದೆ? ಕಾರ್ಡನ್ನು ತೆಗೆದುಕೊಳ್ಳುವ ಅಂಗಡಿಯವನು ತನಗೆ ಬರುವ ಹಣದಲ್ಲಿ ಸ್ವಲ್ಪ ಭಾಗವನ್ನು ಬಿಟ್ಟುಕೊಡುತ್ತಾನೆ. ಹೊತ್ತಿಗೆ ಸರಿಯಾಗಿ ಸಲ್ಲಿಸದವರು ಬಡ್ಡಿಯನ್ನು ತೆರುತ್ತಾರೆ. ಉಳಿದದ್ದು ನಾವು ಕೊಡುವ ಶುಲ್ಕ. ಬ್ಯಾಂಕು ಧರ್ಮಛತ್ರವಲ್ಲವೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದುವರಿಯೋಣ. ಅದು ತಪ್ಪೆಂದು ನಾವು ಹೇಳುವುದಿಲ್ಲ. ವ್ಯಾಪಾರಿಯು ವ್ಯಾಪಾರ ಮಾಡುತ್ತಾನೆ, ಕೊಳ್ಳುವವನು ನೋಡಿ ಕೊಳ್ಳಬೇಕು.

ಮಗನು ಬ್ಯಾಂಕಿನ ಪತ್ರಿಕೆಯನ್ನು ತೆಗೆದುಕೊಟ್ಟನು. ಅದನ್ನು ಓದುವಾಗ ನಮಗೆ ಪಾಠಶಾಲೆಯಲ್ಲಿ ಓದಿದ ಮೀಮಾಂಸೆಯು ನೆನಪಿಗೆ ಬಂದಿತು. ಮೀಮಾಂಸಕರು ವೇದವಾಕ್ಯಗಳನ್ನು ವಿಧಿ, ಮಂತ್ರ, ನಾಮಧೇಯ, ನಿಷೇಧ, ಅರ್ಥವಾದ ಎಂದು ಐದು ಬಗೆಯಾಗಿ ವಿಂಗಡಿಸುತ್ತಾರೆ. ವಿಧಿಯೆಂದರೆ ಇದನ್ನು ಮಾಡು ಎಂಬ ಮಾತು. ನಿಷೇಧವೆಂದರೆ ಇದನ್ನು ಮಾಡಬೇಡ ಎಂಬ ಮಾತು. ಅರ್ಥವಾದವೆಂದರೆ ಪ್ರೋತ್ಸಾಹಕ್ಕಾಗಿ ಹೇಳಿದ ಪ್ರಶಂಸೆ. ಬ್ಯಾಂಕಿನ ಪತ್ರಿಕೆಯನ್ನು ಈ ವಿಭಾಗಕ್ಕೆ ಒಡ್ಡಿದರೆ ಬೆಳಕು ಬೀಳುತ್ತದೆ. ಪ್ಲಾಟಿನಂ, ಸಿಗ್ನೇಚರ್, ಇನ್ಫಿನಿಟ್ ಮೊದಲಾದವು ನಾಮಧೇಯಗಳು. ಅವುಗಳಿಂದ ಹೊಟ್ಟೆ ತುಂಬದು. ಮಂತ್ರವೆಂದರೆ ಯಾರಿಗೂ ಉಪದೇಶಿಸಬಾರದ ನಾಲ್ಕಂಕಿಯ ಗುಪ್ತಸಂಖ್ಯೆ. ದೊಡ್ಡ ಅಕ್ಷರದಲ್ಲಿರುವುದೆಲ್ಲ ಬಹುತೇಕ ಅರ್ಥವಾದ—ಲೋಕವೇ ನಿಮ್ಮ ಅಂಗೈಯಲ್ಲಿ, ಗಣ್ಯರಿಗೆ ಮಾತ್ರ ಈ ಸೌಲಭ್ಯ, ಇತ್ಯಾದಿ. ವಿಧಿನಿಷೇಧಗಳು ಇರುವುದು ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ. ಅಲ್ಲಿ ಪೆಟ್ರೋಲಿಗೆ ಪಾಯಿಂಟಿಲ್ಲ, ವಿಮೆಯ ಕಂತಿಗೆ ಪಾಯಿಂಟಿಲ್ಲ, ಶಾಲೆಯ ಫೀಜಿಗೆ ಪಾಯಿಂಟಿಲ್ಲ ಎಂದಿತ್ತು. ಪಾಯಿಂಟನ್ನು ಬ್ಯಾಂಕಿನ ಮೂಲಕವೇ ವಿಮಾನದ ಟಿಕೇಟಿಗೆ ಬಳಸಿದರೆ ಒಂದಕ್ಕೆ ಒಂದು ರೂಪಾಯಿ. ಬಿಲ್ಲಿನ ಹಣಕ್ಕೆ ವಜಾ ಮಾಡಿಕೊಂಡರೆ ಒಂದಕ್ಕೆ 30 ಪೈಸೆ. ಹಿಂದಿನ ಮೂರು ತಿಂಗಳಲ್ಲಿ ಇಷ್ಟು ವೆಚ್ಚ ಮಾಡಿದ್ದರೆ ಮಾತ್ರ ಲೌಂಜಿಗೆ ಪ್ರವೇಶವೆಂದೂ ಇತ್ತು. ಈ ಬಗೆಯ ಕಟ್ಟಳೆಯು ಈಗ ಅನೇಕ ಕಾರ್ಡುಗಳಲ್ಲಿ ಬಂದಿದೆ. ಆದ್ದರಿಂದ ಮನೆಯಲ್ಲಿ ಯಾರು ಕಾರ್ಡನ್ನು ತಂದರೂ ಅರ್ಥವಾದವನ್ನು ಪಕ್ಕಕ್ಕಿಟ್ಟು ಕೊನೆಯ ಪುಟದಿಂದ ಓದಲು ತೊಡಗಬೇಕೆಂದು ನಮ್ಮ ಮೊದಲನೆಯ ಸೂಚನೆ.

ಇನ್ನು ಮಗನ ಲೆಕ್ಕ. ಪಾಯಿಂಟು ಸಲ್ಲುವಂತಹ ವೆಚ್ಚವು ವರ್ಷಕ್ಕೆ 6 ಲಕ್ಷ. ನೂರು ರೂಪಾಯಿಗೆ ಎರಡರಂತೆ 12,000 ಪಾಯಿಂಟು, ಟಿಕೇಟಿಗೆ ಬಳಸಿದ್ದರಿಂದ 12,000 ರೂಪಾಯಿ. ಲೌಂಜಿಗೆ ಎಂಟು ಸಲ ಹೋದದ್ದು, ಸಲಕ್ಕೆ 1,200ರಂತೆ 9,600. ಹೋಟೆಲಿನ ಸದಸ್ಯತ್ವದ ಬೆಲೆ 5,000. ಕುಟುಂಬದವರು ಸಿಂಗಪುರಕ್ಕೆ ಹೋದಾಗ ಕಾರ್ಡಿನಿಂದ 2 ಲಕ್ಷ ರೂಪಾಯಿಯಷ್ಟು ವೆಚ್ಚವಾಗಿತ್ತು; ಪರದೇಶದ ನಾಣ್ಯದಲ್ಲಿ ಕೊಟ್ಟಾಗ ಸಾಧಾರಣ ಕಾರ್ಡಿನವರು ನೂರಕ್ಕೆ ಮೂರೂವರೆ ಹೆಚ್ಚಿಗೆ ಹಿಡಿಯುವಲ್ಲಿ ಈ ಕಾರ್ಡಿನವರು ಎರಡನ್ನು ಹಿಡಿದದ್ದರಿಂದ 3,000, ಅದರ ಮೇಲಿನ ಜಿ.ಎಸ್.ಟಿ. ಸೇರಿ 3,540 ಉಳಿತಾಯ. ಒಟ್ಟು 30,140. ಶುಲ್ಕವನ್ನು ಕಳೆದರೂ 18,340 ಲಾಭ. “ಶುಲ್ಕ ಕೊಟ್ಟರೂ ಲಾಭವೇ, ಕೊಡದಿದ್ದರೆ ಇನ್ನೂ ಲಾಭ” ಎಂದು ಅವನು ಲೇಖನಿಯನ್ನು ಕೆಳಗಿಟ್ಟನು. ಕೂಡುವುದರಲ್ಲಿ ತಪ್ಪೇನೂ ಇರಲಿಲ್ಲ. ಗಣಿತದಲ್ಲಿ ಅವನು ಚಿಕ್ಕಂದಿನಿಂದ ಜಾಣನೇ.

ಆದರೆ ಕೂಡುವುದಕ್ಕೆ ಮೊದಲು ಯಾವುದನ್ನು ಕೂಡಬೇಕೆಂದು ನಿಶ್ಚಯಿಸಬೇಕಷ್ಟೆ. ಇದಕ್ಕೆ ನಮ್ಮ ಶಾಸ್ತ್ರಕಾರರಲ್ಲಿ ಅನ್ವಯವ್ಯತಿರೇಕವೆಂಬ ಸಾಧನವುಂಟು. ಇದು ಇದ್ದರೆ ಅದು ಇರುತ್ತದೆ ಎಂಬುದು ಅನ್ವಯ. ಇದು ಇಲ್ಲದಿದ್ದರೆ ಅದೂ ಇರುವುದಿಲ್ಲ ಎಂಬುದು ವ್ಯತಿರೇಕ. ಎರಡೂ ಕೂಡಿದಾಗಲೇ ಇದು ಅದಕ್ಕೆ ಕಾರಣವೆಂದು ಹೇಳಬಹುದು. ಬೆಳಗ್ಗೆ ಕೋಳಿ ಕೂಗಿತು, ಸೂರ್ಯನು ಹುಟ್ಟಿದನು, ಅನ್ವಯವು ಸರಿಯಾಯಿತು. ಕೋಳಿಯು ಕೂಗದ ದಿನವೂ ಸೂರ್ಯನು ಹುಟ್ಟುತ್ತಾನೆ, ವ್ಯತಿರೇಕವು ತಪ್ಪಿತು. ಕಾರ್ಡಿನ ಲೆಕ್ಕದಲ್ಲಿ ಎಲ್ಲರೂ ಅನ್ವಯವನ್ನು ಮಾತ್ರ ನೋಡುತ್ತಾರೆ: ಕಾರ್ಡು ಇತ್ತು, ಲೌಂಜಿನಲ್ಲಿ ಊಟವಾಯಿತು. ಕಾರ್ಡು ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಕೇಳಿಕೊಳ್ಳುವವರು ಕಡಮೆ. ಆ ಪ್ರಶ್ನೆಗೆ ಬರುವ ಉತ್ತರಕ್ಕೂ ಈಗ ಬಂದ ಫಲಕ್ಕೂ ಇರುವ ಅಂತರವೇ ಶುಲ್ಕದ ನಿಜವಾದ ಫಲ. ಅದಕ್ಕಿಂತ ಹೆಚ್ಚಿನದೆಲ್ಲ ಕೋಳಿಯ ಕೂಗು.

ಈ ನ್ಯಾಯವು ನಮ್ಮೂರಿನವರಿಗೆ ಹೊಸದಲ್ಲ. ಚೇಳೂರು ಹಲಸಿಗೆ ಹೆಸರಾದ ಊರು. ಕೆಂಪು ತೊಳೆಯ ಸಿದ್ದು ಹಲಸಿನ ತಾಯಿಮರವು ಇಲ್ಲಿಯ ರೈತರೊಬ್ಬರ ತೋಟದ್ದು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 2017ರಲ್ಲಿ ಆ ರೈತರೊಡನೆ ಒಪ್ಪಂದ ಮಾಡಿಕೊಂಡು ಕಸಿಸಸಿಗಳನ್ನು ಹರಡಿದ್ದಾರೆ. ಹಲಸಿನ ವ್ಯಾಪಾರದಲ್ಲಿ, ಮರದಲ್ಲಿ ಕಾಯಿ ಇರುವಾಗಲೇ ಇಡೀ ಮರವನ್ನು ಗುತ್ತಿಗೆ ಹಿಡಿಯುವುದುಂಟು. ಹಣವನ್ನು ಮೊದಲು ಕೊಡಬೇಕು, ಹಣ್ಣು ಆಮೇಲೆ. ಗುತ್ತಿಗೆದಾರನು ಮರವನ್ನು ಸುತ್ತಿ ನೋಡುತ್ತಾನೆ. ಅವನು ಮರದಲ್ಲಿರುವ ಕಾಯಿಗಳನ್ನೆಲ್ಲ ಎಣಿಸುವುದಿಲ್ಲ. ತಾನು ಇಳಿಸಿ, ಹೊತ್ತು, ಕೆಡುವ ಮೊದಲು ಮಾರಬಲ್ಲ ಕಾಯಿಗಳನ್ನು ಎಣಿಸುತ್ತಾನೆ. ಕೈಗೆಟುಕದ ಕೊಂಬೆಯ ತುದಿಯಲ್ಲಿ ಹಣ್ಣಾಗಿ ಉದುರಿ ಒಡೆಯುವುದು ಅವನ ಲೆಕ್ಕಕ್ಕಿಲ್ಲ. ಅದು ಎಷ್ಟು ದೊಡ್ಡದಾದರೂ ಅಷ್ಟೆ. ವಾರ್ಷಿಕ ಶುಲ್ಕವೂ ಮರದ ಗುತ್ತಿಗೆಯೇ. ಬ್ಯಾಂಕಿನ ಪತ್ರಿಕೆಯಲ್ಲಿ ತೂಗುತ್ತಿರುವ ಹಣ್ಣುಗಳಲ್ಲಿ ನಮ್ಮ ಬುಟ್ಟಿಗೆ ಬೀಳುವುವೆಷ್ಟು ಎಂಬುದೇ ವಿಚಾರ.

ಹೀಗೆ ಮಗನ ಪಟ್ಟಿಯನ್ನು ಮತ್ತೊಮ್ಮೆ ನೋಡಿದೆವು. ಪಾಯಿಂಟು 12,000 ಎಂದಿತ್ತು. ಈ ಕಾರ್ಡು ಇಲ್ಲದಿದ್ದರೆ? ಅವನ ಪೆಟ್ಟಿಗೆಯಲ್ಲಿಯೇ ಶುಲ್ಕವಿಲ್ಲದ ಮತ್ತೊಂದು ಕಾರ್ಡು ಇದೆ; ಅದರಲ್ಲಿ ನೂರಕ್ಕೆ ಒಂದು ರೂಪಾಯಿ ಹಣವಾಗಿಯೇ ಮರಳುತ್ತದೆ. ಅದೇ ವೆಚ್ಚಕ್ಕೆ ಅದು 6,000 ಕೊಡುತ್ತಿತ್ತು. ಆದ್ದರಿಂದ ಶುಲ್ಕದ ಫಲ 6,000 ಮಾತ್ರ. ಲೌಂಜಿನ ಎಂಟು ಸಲಗಳಲ್ಲಿ ನಾಲ್ಕು ಸಲ ಆ ಸಾಧಾರಣ ಕಾರ್ಡಿನಿಂದಲೇ ಪ್ರವೇಶ ದೊರೆಯುತ್ತಿತ್ತು. ಉಳಿದ ನಾಲ್ಕು ಸಲ ಲೌಂಜು ಇಲ್ಲದಿದ್ದರೆ 1,200 ಕೊಟ್ಟು ಒಳಗೆ ಹೋಗುತ್ತಿದ್ದೆಯಾ ಎಂದು ಕೇಳಿದೆವು. “ಇಲ್ಲ ಅಪ್ಪ, ಹೊರಗೆ ಕಾಫಿ ತಿಂಡಿ ತೆಗೆದುಕೊಳ್ಳುತ್ತಿದ್ದೆ” ಎಂದನು. ನಿಲ್ದಾಣದ ದುಬಾರಿ ಬೆಲೆಯಲ್ಲಿ ಕಾಫಿತಿಂಡಿಗೆ 350 ಎಂದಿಟ್ಟುಕೊಂಡರೂ 1,400 ಆಯಿತು. ಹೋಟೆಲಿನ ಸದಸ್ಯತ್ವವು ಇಲ್ಲದಿದ್ದರೆ ಆ ಹೋಟೆಲಿಗೆ ಹೋಗುತ್ತಲೇ ಇರಲಿಲ್ಲ. ಇದ್ದದ್ದರಿಂದ ಒಂದು ರಾತ್ರಿ ತಂಗಿ 9,000 ವೆಚ್ಚ ಮಾಡಿದ್ದನು. ಫಲವು ಸೊನ್ನೆಯೆಂದು ಬರೆದೆವು. ಋಣವೆಂದು ಬರೆಯಲಿಲ್ಲ, ಅಷ್ಟು ದಾಕ್ಷಿಣ್ಯವಿರಲೆಂದು. ಪರದೇಶದ ನಾಣ್ಯದ 3,540 ಮಾತ್ರ ವ್ಯತಿರೇಕಕ್ಕೂ ನಿಂತಿತು. ಸಿಂಗಪುರಕ್ಕೆ ಹೋಗುವುದು ಕಾರ್ಡಿಗಿಂತ ಮೊದಲೇ ನಿಶ್ಚಯವಾಗಿತ್ತು. ಎಲ್ಲವೂ ಕೂಡಿ 10,940. ಶುಲ್ಕ 11,800. ಲಾಭವೆಂದು ತೋರಿದ 18,340 ಹೋಗಿ 860 ನಷ್ಟ ಉಳಿಯಿತು.

ಇದು ಎರಡು ಸಂಬಳವೂ ಒಂದು ಪರದೇಶಪ್ರಯಾಣವೂ ಇದ್ದ ವರ್ಷದ ಮಾತು. ಬರುವ ವರ್ಷದಲ್ಲಿ ಸೊಸೆಯು ವಿದ್ಯಾರ್ಥಿನಿ. ಪಾಯಿಂಟು ಸಲ್ಲುವ ವೆಚ್ಚವು 4 ಲಕ್ಷಕ್ಕೆ ಇಳಿಯುವುದೆಂದು ಅವರೇ ಅಂದಾಜು ಮಾಡಿದರು. ಅಂತರದ ಫಲ 4,000. ಲೌಂಜು ಎರಡು ಸಲವೆಂದರೆ 700. ಅವರಿಬ್ಬರೂ ಪರದೇಶಕ್ಕೆ ಹೋಗುವುದಿಲ್ಲ. 4,700 ಪಡೆಯುವುದಕ್ಕೆ 11,800 ಕೊಡುವುದೆಂದರೆ 7,100 ನಷ್ಟ. ಹೋದ ವರ್ಷದ ಕಾರ್ಡನ್ನು ಹೋದ ವರ್ಷದ ಜೀವನಕ್ಕೆ ತೂಗಿ, ಬರುವ ವರ್ಷದ ಶುಲ್ಕವನ್ನು ಕೊಡುವವರೇ ಬಹುಮಂದಿ. ಶುಲ್ಕವು ಮುಂದಿನ ಹನ್ನೆರಡು ತಿಂಗಳಿಗೆ ಎಂಬುದನ್ನು ಮರೆಯಬಾರದು.

ಟೆಲಿವಿಷನ್ನಿನ ವಿಚಾರವೂ ಇದೇ ಕೋಲಿನಿಂದ ಅಳೆಯತಕ್ಕದ್ದು. ಹೇಗಿದ್ದರೂ ಕೊಳ್ಳಬೇಕಾಗಿದ್ದ ವಸ್ತುವನ್ನು ಒಂದು ತಿಂಗಳು ಮುಂಚೆ ಕೊಂಡು ಶುಲ್ಕವನ್ನು ತಪ್ಪಿಸಿಕೊಂಡರೆ ಅದು ಜಾಣತನ. ಕೊಳ್ಳಬೇಕಾಗಿಲ್ಲದ ವಸ್ತುವಿಗೆ 62,000 ಕೊಟ್ಟು 11,800 ಉಳಿಸಿದೆವೆನ್ನುವುದು, ಮಜ್ಜಿಗೆಯನ್ನು ಉಳಿಸುವುದಕ್ಕಾಗಿ ಹಸುವನ್ನು ಕೊಂಡಂತೆ. ಆ 62,000 ಸೊಸೆಯ ವ್ಯಾಸಂಗಕ್ಕೆ ಬೇಕಾದ ಹಣ. ಎಂಟು ಲಕ್ಷವೆಂಬ ಗೆರೆಯನ್ನು ಎಳೆದವರು ಬ್ಯಾಂಕಿನವರು. ಆ ಗೆರೆಯನ್ನು ಮುಟ್ಟುವುದು ನಮ್ಮ ಮನೆಯ ಧ್ಯೇಯವಾಗಬೇಕಾಗಿಲ್ಲ.

ಈ ಲೆಕ್ಕವನ್ನು ಬರೆದು ಮುಗಿಸಿದ ಮೇಲೆ ಸೊಸೆಯು ಹಾಳೆಯನ್ನು ತೆಗೆದುಕೊಂಡು, ವ್ಯಯದ ಕಡೆಯಲ್ಲಿ ತನ್ನ ಕೈಯಿಂದ ಒಂದು ಸಾಲನ್ನು ಸೇರಿಸಿದಳು: “ಚೇಳೂರು—ಮೂರು ದಿನ.” ಎದುರಿಗೆ ಮೊತ್ತವನ್ನು ಬರೆಯಲಿಲ್ಲ. ನಮಗೆ ಮೊದಲು ಅರ್ಥವಾಗಲಿಲ್ಲ, ಮಗನಿಗೆ ಆಯಿತು. ಹೋದ ಶಿವರಾತ್ರಿಯ ರಜೆಗೆ ಅವರು ಮಗುವನ್ನು ಕರೆದುಕೊಂಡು ಇಲ್ಲಿಗೆ ಬರುವುದೆಂದು ಗೊತ್ತಾಗಿತ್ತು. ಅಷ್ಟರಲ್ಲಿ ಪಾಯಿಂಟುಗಳ ಅವಧಿಯು ತೀರುತ್ತದೆಂದು ತಿಳಿದು, ಅವು ವ್ಯರ್ಥವಾಗಬಾರದೆಂದು ಗೋವೆಗೆ ಹೋದರು. ಟಿಕೇಟು ಪಾಯಿಂಟಿನಿಂದ ಬಂದಿತು. ಉಳಿದ ವೆಚ್ಚಕ್ಕೆ ಕೈಹಣವೇ ಹೋಯಿತು. ನಾವು ಅದನ್ನು ಕುರಿತು ಆಗ ಏನೂ ಹೇಳಿರಲಿಲ್ಲ. ಮಕ್ಕಳು ಎಳೆಯರು, ನಾಲ್ಕು ಊರು ನೋಡಲಿ ಎಂದುಕೊಂಡೆವು. ನಮ್ಮ ಮನೆಯಾಕೆಯು ಮೊಮ್ಮಗುವಿಗೆಂದು ಮಾಡಿಟ್ಟಿದ್ದ ತಂಬಿಟ್ಟನ್ನು ಪಕ್ಕದ ಮನೆಯ ಮಕ್ಕಳು ತಿಂದರು.

ಆ ಸಾಲನ್ನು ನೋಡಿದ ಮೇಲೆ ನಮಗೆ ಈ ವಿಷಯದಲ್ಲಿ ಹಣದ ಲೆಕ್ಕಕ್ಕಿಂತ ಮುಖ್ಯವಾದುದೊಂದು ತೋರಿತು. ಪಾಯಿಂಟಿಗೆ ಅವಧಿಯುಂಟು, ದಾರಿಯೂ ಉಂಟು. ಅದು ವಿಮಾನ ಹೋಗುವಲ್ಲಿಗೆ ಕರೆದೊಯ್ಯುತ್ತದೆ. ಬ್ಯಾಂಕಿನೊಡನೆ ಒಪ್ಪಂದವಿರುವ ಹೋಟೆಲಿನಲ್ಲಿ ಇಳಿಸುತ್ತದೆ. ತುಮಕೂರಿನಿಂದ ಗುಬ್ಬಿಗೆ ಬರುವ ಬಸ್ಸಿಗೆ, ಗುಬ್ಬಿಯಿಂದ ಚೇಳೂರಿಗೆ ಬರುವ ಬಸ್ಸಿಗೆ ಅದು ಸಲ್ಲದು. ಹೀಗೆ ಸಲ್ಲುವಲ್ಲಿಗೆ ಹೋಗುತ್ತ, ಸಲ್ಲದಲ್ಲಿಗೆ ಹೋಗುವುದನ್ನು ಮುಂದಕ್ಕೆ ಹಾಕುತ್ತ ಇದ್ದರೆ, ಎಲ್ಲಿಗೆ ಹೋಗಬೇಕೆಂಬುದನ್ನು ನಿಶ್ಚಯಿಸುವವರು ನಾವಲ್ಲ, ಕಾರ್ಡಿನವರು ಎಂದಾಗುತ್ತದೆ. ಪ್ರವಾಸವನ್ನು ಮನಸ್ಸು ನಿಶ್ಚಯಿಸಿ, ಕಾರ್ಡು ಅದಕ್ಕೆ ನೆರವಾದರೆ ಸರಿ. ಕಾರ್ಡು ನಿಶ್ಚಯಿಸಿ ಮನಸ್ಸು ಹಿಂಬಾಲಿಸಿದರೆ, ಟಿಕೇಟು ಬಿಟ್ಟಿಯಾದರೂ ಪ್ರವಾಸವು ಬಿಟ್ಟಿಯಲ್ಲ.

ಇನ್ನು ಉಳಿದದ್ದು ನಮ್ಮ ಮನೆಯಾಕೆಯ ಪ್ರಯಾಣ. ಅವರಿಗೆ ಮಂಡಿನೋವು. ಯೂರೋಪಿನ ಕಡೆಗೆ ಹೋಗುವ ವಿಮಾನಗಳು ಹೆಚ್ಚಾಗಿ ನಡುರಾತ್ರಿಯ ಮೇಲೆ ಹೊರಡುತ್ತವೆ. ಇಲ್ಲಿಂದ ತುಮಕೂರು, ಡಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಯ ನಿಲ್ದಾಣವನ್ನು ಸೇರಿ, ಹೊರದೇಶದ ವಿಮಾನಗಳಿಗಿರುವ ಎರಡನೆಯ ಟರ್ಮಿನಲ್ಲಿನಲ್ಲಿ ನಾಲ್ಕು ಗಂಟೆ ಕಾಯಬೇಕು. ತಾಯಿಯು ಅಲ್ಲಿ ಕಷ್ಟಪಡಬಾರದೆಂಬ ಮಗನ ಕಳಕಳಿಯು ನಿಜವಾದುದೇ. ಅದನ್ನು ನಾವು ನೆಪವೆಂದು ಎಣಿಸಲಿಲ್ಲ. ಆದರೆ ಅಲ್ಲಿಯೂ ವ್ಯತಿರೇಕವನ್ನು ಕೇಳಬೇಕು. ನಡೆಯಲಾರದವರಿಗೆ ಗಾಲಿಕುರ್ಚಿಯನ್ನೂ ತಳ್ಳುವ ಆಳನ್ನೂ ವಿಮಾನದ ಸಂಸ್ಥೆಯವರೇ ಒದಗಿಸುತ್ತಾರೆ. ಟಿಕೇಟು ಕೊಳ್ಳುವಾಗಲೇ ಕೇಳಿಕೊಂಡಿರಬೇಕು. ಅದು ಕಾರ್ಡಿನ ಪ್ರಸಾದವಲ್ಲ. ಲೌಂಜಿನ ಹಕ್ಕು ಕಾರ್ಡಿನ ಒಡೆಯನಾದ ಮಗನದು. ಅವನು ಬೆಂಗಳೂರಿನಲ್ಲಿಯೇ ಉಳಿದು ತಾಯಿಯೊಬ್ಬರೇ ಒಳಗೆ ಹೋದಾಗ ಅದು ಅವರಿಗೆ ಒದಗದು. ಅವರ ಹೆಸರಿನಲ್ಲಿ ಮತ್ತೊಂದು ಕಾರ್ಡನ್ನು ಮಾಡಿಸಬಹುದಾದರೂ, ವರ್ಷಕ್ಕೆ ಒಂದೇ ಸಲ ಹೋಗುವವರಿಗೆ ಅದೇಕೆ? ಬೇಕಾದರೆ ಆ ಒಂದು ರಾತ್ರಿಗೆ ಹಣ ಕೊಟ್ಟೇ ಲೌಂಜಿಗೆ ಹೋಗಬಹುದು. ನಮ್ಮ ಹಿರಿಯರು ಗುಬ್ಬಿ ಕಂಪೆನಿಯ ನಾಟಕಕ್ಕೆ ಹೋಗುವಾಗ ಸೊಂಟ ನೋಯುತ್ತಿದ್ದ ದಿನ ಕುರ್ಚಿಯ ಟಿಕೇಟನ್ನು ಕೊಳ್ಳುತ್ತಿದ್ದರು, ಉಳಿದ ದಿನ ನೆಲದ ಮೇಲೆ ಕುಳಿತು ನೋಡುತ್ತಿದ್ದರು. ವರ್ಷವಿಡೀ ಕುರ್ಚಿಯನ್ನು ಗುತ್ತಿಗೆ ಹಿಡಿಯಲಿಲ್ಲ.

ವಿಮೆಯ ಮಾತೂ ಹೀಗೆಯೇ. ಕಾರ್ಡಿನೊಡನೆ ಬರುವ ವಿಮೆಯು ಕಾರ್ಡಿನ ಒಡೆಯನಿಗೆ, ಅದೂ ಹೇಳಿದ ಷರತ್ತುಗಳು ನೆರವೇರಿದ್ದರೆ. ಜರ್ಮನಿ ಮೊದಲಾದ ಷೆಂಗೆನ್ ದೇಶಗಳಿಗೆ ಅಲ್ಪಕಾಲದ ವೀಸಾ ಪಡೆಯುವವರು ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆಯನ್ನು ತಮ್ಮ ಹೆಸರಿನಲ್ಲಿ ತೋರಿಸಬೇಕು. ಆ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಇರಬಹುದು, ಬಾಣಂತನಕ್ಕೆ ಅಷ್ಟು ಸಾಕು. ವಿಮೆಯನ್ನು ಬೇರೆಯಾಗಿಯೇ ಕೊಂಡೆವು. ವಯಸ್ಸಾದವರ ಪರದೇಶಪ್ರಯಾಣದಲ್ಲಿ ಜಿಪುಣತನ ಮಾಡಬಾರದ ವೆಚ್ಚವೆಂದರೆ ಇದೊಂದು. ಇನ್ನೊಂದು ಮಾತು: ಪರದೇಶದ ಅಂಗಡಿಯಲ್ಲಿ ಕಾರ್ಡನ್ನು ಕೊಟ್ಟಾಗ ರೂಪಾಯಿಯಲ್ಲಿ ಹಿಡಿಯಲೆ, ಇಲ್ಲಿಯ ನಾಣ್ಯದಲ್ಲಿ ಹಿಡಿಯಲೆ ಎಂದು ಕೇಳುವುದುಂಟು. ಅಲ್ಲಿಯ ನಾಣ್ಯವೆಂದೇ ಹೇಳಬೇಕು. ರೂಪಾಯಿಯೆಂದರೆ ಅಂಗಡಿಯ ಕಡೆಯವರು ತಮ್ಮ ದರವನ್ನು ಕಟ್ಟುತ್ತಾರೆ, ಅದು ಸಾಮಾನ್ಯವಾಗಿ ದುಬಾರಿ.

ಇದುವರೆಗಿನ ಲೆಕ್ಕವೆಲ್ಲ ಬಿಲ್ಲಿನ ಪೂರ್ಣ ಹಣವನ್ನು ಹೊತ್ತಿಗೆ ಸರಿಯಾಗಿ ಸಲ್ಲಿಸುವವರಿಗೆ. ಕನಿಷ್ಠ ಮೊತ್ತವನ್ನು ಮಾತ್ರ ಕಟ್ಟಿ ಉಳಿದದ್ದನ್ನು ಮುಂದಕ್ಕೆ ತಳ್ಳುವವರು ಪಾಯಿಂಟಿನ ಮಾತನ್ನೇ ಆಡಬಾರದು. ತಿಂಗಳಿಗೆ ನೂರಕ್ಕೆ ಮೂರೂವರೆಯಷ್ಟು ಬಡ್ಡಿಯು ಕ್ರೆಡಿಟ್ ಕಾರ್ಡುಗಳಲ್ಲಿ ಸಾಮಾನ್ಯ, ವರ್ಷಕ್ಕೆ 42. ಊರಿನ ಲೇವಾದೇವಿಯವನು ನೂರಕ್ಕೆ ಮೂರು ಕೇಳಿದರೆ ಎದೆ ಹೊಡೆದುಕೊಳ್ಳುವ ನಾವು ಇದನ್ನು ಹೊಳೆಯುವ ಪತ್ರಿಕೆಯಲ್ಲಿ ಓದಿ ಸುಮ್ಮನಿರುತ್ತೇವೆ. 50,000 ರೂಪಾಯಿಯ ಬಾಕಿಯು ಆರು ತಿಂಗಳು ನಿಂತರೆ ಬಡ್ಡಿಯೂ ಅದರ ಮೇಲಿನ ಜಿ.ಎಸ್.ಟಿ.ಯೂ ಕೂಡಿ 12,390, ಶುಲ್ಕವನ್ನೇ ಮೀರಿತು. ಮೇಲಾಗಿ, ಬಾಕಿ ಉಳಿದಿರುವವರೆಗೆ ಹೊಸದಾಗಿ ಕೊಂಡದ್ದಕ್ಕೂ ಬಡ್ಡಿಯಿಲ್ಲದ ಅವಧಿಯು ದೊರೆಯುವುದಿಲ್ಲ. ಅಂಥ ಮನೆಗೆ ಶುಲ್ಕವಿಲ್ಲದ ಕಾರ್ಡೂ ದುಬಾರಿಯೇ.

ಹಾಗಾದರೆ ಇಂತಹ ಕಾರ್ಡು ಯಾರಿಗೂ ಬೇಡವೆ? ಹಾಗಲ್ಲ. ತಿಂಗಳಿಗೊಮ್ಮೆಯಾದರೂ ವಿಮಾನದಲ್ಲಿ ಓಡಾಡುವವರು, ವರ್ಷದಲ್ಲಿ ಪರದೇಶದ ವೆಚ್ಚವು ಹೆಚ್ಚಾಗಿರುವವರು, ಪಾಯಿಂಟನ್ನು ಕೂಡಿಡದೆ ಬಂದಹಾಗೆಲ್ಲ ಉಪಯೋಗಿಸುವವರು, ಬಾಕಿಯನ್ನು ಎಂದೂ ಉಳಿಸದವರು—ಇವರಿಗೆ ಶುಲ್ಕವು ಒಂದಕ್ಕೆರಡಾಗಿ ಮರಳಬಹುದು. ಅಂಥವರು ಇಟ್ಟುಕೊಳ್ಳುವುದೇ ವಿವೇಕ. ಆದರೂ ವರ್ಷಕ್ಕೊಮ್ಮೆ ಲೆಕ್ಕವನ್ನು ಹೊಸದಾಗಿ ಮಾಡಬೇಕು. ಏಕೆಂದರೆ ಬ್ಯಾಂಕಿನವರು ಸೌಲಭ್ಯಗಳನ್ನು ಬದಲಾಯಿಸುತ್ತಲೇ ಇರುತ್ತಾರೆ. ಬಿಡಬೇಕೆನ್ನುವವರು ಹೆದರಬೇಕಾದುದೂ ಇಲ್ಲ. ಭಾರತೀಯ ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ, ಶುಲ್ಕವನ್ನು ಬದಲಾಯಿಸುವ ಮೊದಲು ಒಂದು ತಿಂಗಳ ಮುಂಚೆ ತಿಳಿಸಬೇಕೆಂದೂ, ಬಾಕಿಯಿಲ್ಲದವರು ಕಾರ್ಡನ್ನು ಮುಚ್ಚಲು ಕೇಳಿದರೆ ಕೆಲಸದ ಏಳು ದಿನಗಳೊಳಗೆ ಮುಚ್ಚಬೇಕೆಂದೂ, ತಡಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ಗಿರಾಕಿಗೆ ಕೊಡಬೇಕೆಂದೂ ಕಟ್ಟಳೆ ಮಾಡಿತು. ಮುಚ್ಚುವ ಮೊದಲು ಉಳಿದ ಪಾಯಿಂಟುಗಳನ್ನು ಉಪಯೋಗಿಸಿಕೊಳ್ಳಬೇಕು. ಶುಲ್ಕವನ್ನು ಬಿಡುವಿರಾ ಎಂದು ಬ್ಯಾಂಕಿನವರನ್ನು ಒಮ್ಮೆ ಕೇಳಿಯೂ ನೋಡಬೇಕು, ಕೇಳಿದವರಿಗೆ ಬಿಟ್ಟುಕೊಡುವುದುಂಟು.

ನಮ್ಮ ಮಗನೂ ಕೇಳಿದನು. ಅವರು ಅರ್ಧ ಶುಲ್ಕಕ್ಕೆ ಒಪ್ಪಿದರು. ಅರ್ಧವೆಂದರೂ ತೆರಿಗೆ ಸೇರಿ 5,900. ಬರುವ ವರ್ಷದ ಫಲ 4,700. ಅವನು ಹಾಳೆಯನ್ನು ಮತ್ತೊಮ್ಮೆ ನೋಡಿ, ಕೊನೆಯ ಸಾಲಿನ ಮೇಲೆ ಸ್ವಲ್ಪ ಹೊತ್ತು ಬೆರಳಿಟ್ಟಿದ್ದು, ಮುಚ್ಚಿಬಿಡಿರೆಂದು ಬರೆದು ಕಳುಹಿಸಿದನು. ಟೆಲಿವಿಷನ್ನು ಬರಲಿಲ್ಲ. ಸೊಸೆಯ ಕಾಲೇಜಿನ ಮೊದಲನೆಯ ಕಂತನ್ನು ಕಟ್ಟಿದ್ದಾರೆ. ನಮ್ಮ ಮನೆಯಾಕೆಯು ಲೌಂಜಿನ ವಿಚಾರವನ್ನೆಲ್ಲ ಕೊನೆಯವರೆಗೆ ಕೇಳಿ, “ಕಾಲು ಚಾಚೋಕೆ ಜಾಗ, ಕುಡಿಯೋಕೆ ಬಿಸಿನೀರು ಸಿಕ್ಕಿದರೆ ಸಾಕು ಕಣಪ್ಪ, ಬುತ್ತಿ ನಾನೇ ಕಟ್ಟಿಕೊಂಡು ಹೋಗುತ್ತೇನೆ” ಎಂದರು. ಆದರೂ ಆ ರಾತ್ರಿಯ ಲೌಂಜಿಗೆಂದು ನಮ್ಮ ವಿಶ್ರಾಂತಿವೇತನದಿಂದ 1,500 ರೂಪಾಯಿ ಬೇರೆ ತೆಗೆದಿಟ್ಟಿದ್ದೇವೆ. ಅದು ಅವರಿಗೆ ಬೇಡವಾದರೆ, ಮಗಳ ಮಗುವಿಗೆ ಒಂದು ಅಂಗಿಯಾದೀತು.